ಹಸುಗೂಸಿನ ಹುಟ್ಟು ನ್ಯೂನತೆ: ಮನೆಯವರು ನೋಡಬೇಕಾದದ್ದು, ಮಾಡಬೇಕಾದದ್ದು

ಮಗು ಹುಟ್ಟಿದ ಮೊದಲ ಎರಡು ದಿನಗಳೊಳಗೆ ಅದರ ಮೈಮೇಲಿನ ಬಟ್ಟೆಯನ್ನೆಲ್ಲ ಬಿಚ್ಚಿ, ಹಗಲು ಬೆಳಕಿನಲ್ಲಿ, ನೆತ್ತಿಯಿಂದ ಹಿಮ್ಮಡಿಯವರೆಗೆ ಮುಂದೂ ಹಿಂದೂ ಒಮ್ಮೆ ನಿಧಾನವಾಗಿ ನೋಡಬೇಕು. ಇಪ್ಪತ್ತು ವರ್ಷಕ್ಕೂ ಮಿಕ್ಕಿ ಹಳ್ಳಿಗಳ ಬಾಣಂತಿ ಮನೆಗಳಿಗೆ ಹೋಗಿಬಂದ ಆರೋಗ್ಯ ಸಹಾಯಕಿಯಾಗಿ ನಾನು ಹೇಳಬಹುದಾದ ಮಾತುಗಳಲ್ಲಿ ಇದಕ್ಕಿಂತ ಮುಖ್ಯವಾದದ್ದು ಇನ್ನೊಂದಿಲ್ಲ. ಹುಟ್ಟು ನ್ಯೂನತೆಗಳಲ್ಲಿ ಹಲವಕ್ಕೆ ಇಂದು ಒಳ್ಳೆಯ ಚಿಕಿತ್ಸೆಯಿದೆ. ಆದರೆ ಪ್ರತಿಯೊಂದಕ್ಕೂ ಅದರದೇ ಗಡುವಿದೆ: ಕೆಲವಕ್ಕೆ ಗಂಟೆಗಳು, ಕೆಲವಕ್ಕೆ ವಾರಗಳು, ಕೆಲವಕ್ಕೆ ತಿಂಗಳುಗಳು. ಗಡುವು ದಾಟಿದ ಮೇಲೆ ಸಣ್ಣದರಲ್ಲಿ ಮುಗಿಯಬಹುದಾಗಿದ್ದ ಚಿಕಿತ್ಸೆ ದೊಡ್ಡ ಶಸ್ತ್ರಚಿಕಿತ್ಸೆಯಾಗುತ್ತದೆ, ಇಲ್ಲವೇ ಫಲ ಕೊಡುವುದೇ ಇಲ್ಲ.

ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜಿನಂತೆ ಜಗತ್ತಿನಲ್ಲಿ ಹುಟ್ಟುವ ನೂರು ಮಕ್ಕಳಲ್ಲಿ ಸುಮಾರು 6 ಮಕ್ಕಳಿಗೆ ಯಾವುದಾದರೊಂದು ಜನ್ಮಜಾತ ನ್ಯೂನತೆ ಇರುತ್ತದೆ. ತೀವ್ರ ನ್ಯೂನತೆಯಿರುವ ಹತ್ತು ಮಕ್ಕಳಲ್ಲಿ ಒಂಬತ್ತು ಮಕ್ಕಳು ಹುಟ್ಟುವುದು ನಮ್ಮಂತಹ ಕಡಿಮೆ ಹಾಗೂ ಮಧ್ಯಮ ಆದಾಯದ ದೇಶಗಳಲ್ಲಿ. ಕರ್ನಾಟಕದಲ್ಲಿ ನೂರಕ್ಕೆ 97 ಹೆರಿಗೆಗಳು ಆಸ್ಪತ್ರೆಯಲ್ಲೇ ಆಗುತ್ತವೆ ಎಂದು 2019-20ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ ಹೇಳುತ್ತದೆ. ಹಾಗಿದ್ದೂ ನ್ಯೂನತೆಗಳು ಕಣ್ತಪ್ಪುತ್ತವೆ. ರಾತ್ರಿ ಹೊತ್ತಿನ ಹೆರಿಗೆ, ಕಿಕ್ಕಿರಿದ ವಾರ್ಡು, ಬಿಗಿಯಾಗಿ ಸುತ್ತಿಟ್ಟ ಮಗು, ಸಹಜ ಹೆರಿಗೆಯಾದರೆ ಎರಡೇ ದಿನಕ್ಕೆ ಬಿಡುಗಡೆ, ಇವೆಲ್ಲದರ ನಡುವೆ ಬೆನ್ನಿನ ಮೇಲಿನ ಸಣ್ಣ ಕುಳಿಯನ್ನೋ ಅಂಗುಳದ ಒಳಗಿನ ಸೀಳನ್ನೋ ಯಾರೂ ಗಮನಿಸದೆ ಇರುವುದು ಅಪರೂಪವಲ್ಲ. ಹೃದಯದ ಕೆಲವು ದೋಷಗಳಂತೂ ಮಗು ಮನೆಗೆ ಬಂದ ಮೇಲೆ, ಮೊದಲ ಅಥವಾ ಎರಡನೇ ವಾರದಲ್ಲಿ ಮಾತ್ರ ಹೊರಬೀಳುತ್ತವೆ. ಆದ್ದರಿಂದ ಮನೆಯವರ ಕಣ್ಣೂ ಬೇಕು.

ನೋಡುವ ಹೊತ್ತು, ನೋಡುವ ಬಗೆ

ಮೊದಲ ಸಲ ಆಸ್ಪತ್ರೆಯಲ್ಲೇ, ನರ್ಸಮ್ಮನವರನ್ನು ಜೊತೆಗೆ ಕರೆದುಕೊಂಡು ನೋಡಿ. “ಮಗುವನ್ನು ಪೂರ್ತಿ ಪರೀಕ್ಷಿಸಿ ತಾಯಿ ಕಾರ್ಡಿನಲ್ಲಿ ಬರೆದುಕೊಡಿ” ಎಂದು ಕೇಳುವುದು ನಿಮ್ಮ ಹಕ್ಕು, ಅದರಲ್ಲಿ ಸಂಕೋಚ ಬೇಡ. ಮನೆಗೆ ಬಂದ ಮೇಲೆ ಮಗುವಿಗೆ ನೀರೆರೆಯುವ ಹೊತ್ತು ಇದಕ್ಕೆ ಹೇಳಿ ಮಾಡಿಸಿದ ಹೊತ್ತು. ಅಜ್ಜಿ ಕಾಲು ನೀಡಿ ಕುಳಿತು, ಮಗುವನ್ನು ಮೊಣಕಾಲ ಮೇಲೆ ಅಂಗಾತ ಮಲಗಿಸಿ, ಆಮೇಲೆ ಬೋರಲು ಹಾಕಿಕೊಂಡಾಗ ಅವಳ ಕೈಗೆ ತಿಳಿಯುವಷ್ಟು ಮಗುವಿನ ಮೈ ಇನ್ನಾರಿಗೂ ತಿಳಿಯುವುದಿಲ್ಲ. ಎರಡು ತೊಡೆಗಳ ಮಡಿಕೆಗಳು ಸಮನಾಗಿಲ್ಲ ಎಂದು ಮೊದಲು ಕಂಡುಹಿಡಿದು ನನಗೆ ತೋರಿಸಿದವರು ಬಹಳ ಸಲ ಅಜ್ಜಿಯರೇ. ಮಗು ತಣ್ಣಗಾಗದಂತೆ ಕೋಣೆಯ ಬಾಗಿಲು ಮುಚ್ಚಿ, ಫ್ಯಾನ್ ನಿಲ್ಲಿಸಿ, ಐದು ನಿಮಿಷದಲ್ಲಿ ಮುಗಿಸಿ.

ತಲೆಯಿಂದ ಆರಂಭಿಸಿ. ನೆತ್ತಿಯ ಮೆತ್ತನೆಯ ಭಾಗ ಮಗು ಅಳದೆ ಕುಳಿತ ಭಂಗಿಯಲ್ಲಿರುವಾಗಲೂ ಉಬ್ಬಿಕೊಂಡಿದೆಯೇ, ತಲೆ ದಿನದಿಂದ ದಿನಕ್ಕೆ ದೊಡ್ಡದಾಗುತ್ತಿದೆಯೇ ಎಂದು ಗಮನಿಸಿ. ಮಗು ಕಣ್ಣು ಬಿಟ್ಟಾಗ ಪಾಪೆ ಕಪ್ಪಗಿರಬೇಕು, ಬೆಳ್ಳಗೆ ಕಾಣಬಾರದು. ಮಗು ಅತ್ತು ಬಾಯಿ ತೆರೆದಾಗ, ಇಲ್ಲವೇ ತೊಳೆದ ಕಿರುಬೆರಳಿನಿಂದ ಮೇಲಿನ ಅಂಗುಳವನ್ನು ಮೆಲ್ಲಗೆ ಸವರಿ, ಸೀಳಿದೆಯೇ ನೋಡಿ. ತುಟಿ ಸರಿಯಿದ್ದೂ ಅಂಗುಳ ಸೀಳಿರುವ ಮಕ್ಕಳೇ ಹೆಚ್ಚಾಗಿ ಕಣ್ತಪ್ಪುವವರು. ಬೋರಲು ಮಲಗಿಸಿ ಕತ್ತಿನಿಂದ ಪೃಷ್ಠದವರೆಗೆ ಬೆನ್ನುಮೂಳೆಯ ಗೆರೆಯ ಮೇಲೆ ಬೆರಳಾಡಿಸಿ. ಗಂಟು, ನೀರು ತುಂಬಿದ ಚೀಲ, ಆಳವಾದ ಕುಳಿ, ಒಂದೇ ಕಡೆ ಬೆಳೆದ ಕೂದಲ ಗುಚ್ಛ, ಇವುಗಳಲ್ಲಿ ಯಾವುದು ಕಂಡರೂ ವೈದ್ಯರಿಗೆ ತೋರಿಸಬೇಕು. ಗುದದ್ವಾರ ಇದೆಯೇ, ಮೂತ್ರ ಎಲ್ಲಿಂದ ಬರುತ್ತದೆ, ಗಂಡುಮಗುವಾದರೆ ಎರಡು ಬೀಜಗಳೂ ಚೀಲದಲ್ಲಿ ಇಳಿದಿವೆಯೇ ನೋಡಿ. ಕಡೆಗೆ ಕಾಲುಗಳನ್ನು ಮಡಿಸಿ ಹೊರಕ್ಕೆ ಬಿಡಿಸಿದಾಗ ಎರಡೂ ಸಮನಾಗಿ ಅಗಲುತ್ತವೆಯೇ ಎಂದು ಪರೀಕ್ಷಿಸಿ.

ಕಂಡದ್ದೆಲ್ಲ ನ್ಯೂನತೆಯಲ್ಲ ಎಂಬುದನ್ನೂ ಇಲ್ಲಿಯೇ ಹೇಳಬೇಕು. ಸೊಂಟದ ಕೆಳಗಿನ ನೀಲಿ ಮಚ್ಚೆಗಳು, ಹೆರಿಗೆಯ ಒತ್ತಡಕ್ಕೆ ಉದ್ದವಾದ ತಲೆ, ಊದಿಕೊಂಡ ಮೊಲೆತೊಟ್ಟು, ಮೊದಲ ಒಂದೆರಡು ದಿನ ನಸುನೀಲಿಯಾಗಿರುವ ಅಂಗೈ ಅಂಗಾಲು, ಇವು ತಾವಾಗಿ ಸರಿಹೋಗುತ್ತವೆ. ಮೊಲೆಯನ್ನು ಹಿಂಡುವುದು, ತಲೆಯನ್ನು ಒತ್ತಿ ದುಂಡಗೆ ಮಾಡುವುದು ಬೇಡ. ಆರನೇ ಬೆರಳಿಗೆ ದಾರವನ್ನೋ ಕೂದಲನ್ನೋ ಬಿಗಿದು ಕಟ್ಟುವ ಪದ್ಧತಿಯನ್ನು ಬಿಟ್ಟುಬಿಡಿ, ಅದು ನಂಜಾಗಬಹುದು. ಬೆರಳೊಳಗೆ ಮೂಳೆಯಿದೆಯೇ ಎಂದು ನೋಡಿ ತೆಗೆಯುವುದು ವೈದ್ಯರ ಕೆಲಸ.

ಅದೇ ದಿನ ಹೊರಡಬೇಕಾದವು

ಮಗುವಿನ ಬಾಯಿಂದ ನೊರೆ ಜೊಲ್ಲು ಸುರಿಯುತ್ತಲೇ ಇದ್ದು, ಮೊದಲ ಹಾಲಿಗೇ ಕೆಮ್ಮಿ ಉಸಿರುಕಟ್ಟಿ ಬಣ್ಣ ಬದಲಾದರೆ ಅನ್ನನಾಳ ಕೂಡಿಕೊಂಡಿಲ್ಲದಿರಬಹುದು. ಆಗ ಬಾಯಿಗೆ ಇನ್ನೊಂದು ಹನಿಯನ್ನೂ ಹಾಕಬಾರದು. ಹಸಿರು ವಾಂತಿ, ಉಬ್ಬಿದ ಹೊಟ್ಟೆ, 24 ಗಂಟೆಯಾದರೂ ಮೊದಲ ಕಪ್ಪು ಮಲ ಹೋಗದಿರುವುದು, ಗುದದ್ವಾರವೇ ಇಲ್ಲದಿರುವುದು, ಇವು ಕರುಳಿನ ಅಡಚಣೆಯ ಲಕ್ಷಣಗಳು. ನಾಲಿಗೆ ಮತ್ತು ತುಟಿ ನೀಲಿಯಾದರೆ, ಉಸಿರಾಟ ನಿಮಿಷಕ್ಕೆ 60ಕ್ಕಿಂತ ಹೆಚ್ಚಾಗಿ ಪಕ್ಕೆಲುಬಿನ ಕೆಳಗೆ ಎದೆ ಒಳಸೇದುತ್ತಿದ್ದರೆ, ಅದು ಹೃದಯದ ದೋಷವೂ ಇರಬಹುದು, ಸೋಂಕೂ ಇರಬಹುದು. ಯಾವುದೇ ಆಗಿದ್ದರೂ ಬೆಳಗಾಗಲಿ ಎಂದು ಕಾಯುವಂತಿಲ್ಲ. 108ಕ್ಕೆ ಕರೆ ಮಾಡಿ, ಮಗುವನ್ನು ತಾಯಿಯ ಎದೆಗೆ ಮೈಗೆ ಮೈ ತಾಗುವಂತೆ ಹೊದಿಸಿಕೊಂಡು ಹೊರಡಿ.

ಬೆನ್ನಿನ ಮೇಲೆ ತೆರೆದ ಗಾಯದಂತೆ ಅಥವಾ ತೆಳುಪೊರೆಯ ಚೀಲದಂತೆ ಬೆನ್ನುಹುರಿ ಹೊರಬಂದಿದ್ದರೆ ಎಣ್ಣೆ, ಅರಿಶಿನ, ಪೌಡರ್ ಏನನ್ನೂ ಹಚ್ಚಬೇಡಿ. ಆಸ್ಪತ್ರೆಯವರು ಸಲೈನಿನಲ್ಲಿ ನೆನೆಸಿದ ಶುದ್ಧ ಬಟ್ಟೆ ಮುಚ್ಚಿ ಕೊಡುತ್ತಾರೆ, ಅದು ಒಣಗದಂತೆ ನೋಡಿಕೊಂಡು, ಮಗುವನ್ನು ಬೋರಲಾಗಿ ಇಲ್ಲವೇ ಪಕ್ಕಕ್ಕೆ ಮಲಗಿಸಿಕೊಂಡೇ ಸಾಗಿಸಬೇಕು. ತೆರೆದ ಬೆನ್ನುಹುರಿಯನ್ನು ಸಾಮಾನ್ಯವಾಗಿ ಮೊದಲ ಎರಡು ಮೂರು ದಿನಗಳೊಳಗೆ ಮುಚ್ಚುತ್ತಾರೆ. ತಡವಾದಷ್ಟೂ ಮಿದುಳಿಗೆ ನಂಜೇರುವ ಅಪಾಯ ಹೆಚ್ಚು.

ಸೊಟ್ಟಪಾದ

ಇದನ್ನು ಸ್ವಲ್ಪ ವಿವರವಾಗಿ ಬರೆಯುತ್ತೇನೆ. ಪೂರ್ತಿ ಸರಿಹೋಗಬಹುದಾದ ಮಗು ಜೀವನವಿಡೀ ಕುಂಟುವುದನ್ನು ನಾನು ಹೆಚ್ಚು ಕಂಡಿರುವುದು ಈ ನ್ಯೂನತೆಯಲ್ಲೇ. ಒಂದು ಅಂಗನವಾಡಿಯಲ್ಲಿ ನಾಲ್ಕು ವರ್ಷದ ಹುಡುಗನೊಬ್ಬ ಪಾದದ ಹೊರಮೈಯನ್ನು ನೆಲಕ್ಕೂರಿ ನಡೆಯುತ್ತಿದ್ದ. ಆ ಜಾಗದ ಚರ್ಮ ಹಿಮ್ಮಡಿಯ ಹಾಗೆ ದಪ್ಪಗಟ್ಟಿತ್ತು. “ನಡೆಯೋಕೆ ಶುರು ಮಾಡಿದ್ಮೇಲೆ ತಾನಾಗೇ ಸರಿಹೋಗ್ತದೆ ಅಂತ ಎಲ್ಲಾರೂ ಅಂದ್ರು, ಸಿಸ್ಟರ್” ಎಂದರು ಅವನ ಅಜ್ಜಿ. ನಾಲ್ಕು ವರ್ಷ ಅವರು ಹರಳೆಣ್ಣೆ ಹಾಕಿ ನೀವಿದ್ದರು. ಆ ಪ್ರೀತಿಯಲ್ಲಿ ಕೊರತೆಯೇನೂ ಇರಲಿಲ್ಲ, ಆದರೆ ಸೊಟ್ಟಪಾದ ನೀವಿದರೆ ಸರಿಹೋಗುವುದಿಲ್ಲ.

ಸುಮಾರು ಸಾವಿರ ಮಕ್ಕಳಲ್ಲಿ ಒಂದು ಮಗುವಿಗೆ ಇದು ಬರುತ್ತದೆ, ಹುಡುಗರಲ್ಲಿ ಹುಡುಗಿಯರ ಎರಡರಷ್ಟು. ಗರ್ಭದೊಳಗೆ ಇಕ್ಕಟ್ಟಾಗಿ ಮಲಗಿ ಪಾದ ಸ್ವಲ್ಪ ಬಾಗಿರುವುದಕ್ಕೂ ನಿಜವಾದ ಸೊಟ್ಟಪಾದಕ್ಕೂ ವ್ಯತ್ಯಾಸ ತಿಳಿಯುವುದು ಹೀಗೆ: ಅಂಗಾಲನ್ನು ಬೆರಳಿನಿಂದ ಮೆಲ್ಲಗೆ ಮೇಲಕ್ಕೂ ಹೊರಕ್ಕೂ ತಳ್ಳಿದಾಗ ಪಾದ ಸುಲಭವಾಗಿ ನೇರಕ್ಕೆ ಬಂದರೆ ಅದು ಬಾಗು ಮಾತ್ರ. ಹಿಮ್ಮಡಿ ಮೇಲೆದ್ದು, ಅಂಗಾಲು ಒಳಮುಖವಾಗಿ, ತಳ್ಳಿದರೂ ಬಿಗಿಯಾಗಿ ಎದುರೊಡ್ಡಿದರೆ ಅದು ಸೊಟ್ಟಪಾದ, ವೈದ್ಯರ ಮಾತಿನಲ್ಲಿ ಕ್ಲಬ್‌ಫೂಟ್. ಬಲವಂತ ಮಾಡಬೇಡಿ. ಮೊದಲ ಒಂದೆರಡು ವಾರಗಳಲ್ಲೇ ಮೂಳೆ ವೈದ್ಯರ ಬಳಿಗೆ ಕರೆದೊಯ್ಯಿರಿ.

ಅಮೆರಿಕದ ಅಯೋವಾದಲ್ಲಿ ಇಗ್ನೇಷಿಯೋ ಪಾನ್ಸೆಟಿ ಎಂಬ ವೈದ್ಯರು 1940ರ ದಶಕದ ಕೊನೆಯಲ್ಲಿ ರೂಪಿಸಿದ ವಿಧಾನವೇ ಇಂದು ಎಲ್ಲೆಡೆ ನಡೆಯುವುದು. ವಾರಕ್ಕೊಮ್ಮೆ ವೈದ್ಯರು ಪಾದವನ್ನು ಕೈಯಿಂದ ಸ್ವಲ್ಪ ಸ್ವಲ್ಪವೇ ತಿರುಗಿಸಿ, ತೊಡೆಯಿಂದ ಬೆರಳಿನವರೆಗೆ ಪ್ಲಾಸ್ಟರ್ ಹಾಕುತ್ತಾರೆ. ಸಾಮಾನ್ಯವಾಗಿ ಐದರಿಂದ ಏಳು ಪ್ಲಾಸ್ಟರ್ ಬೇಕಾಗುತ್ತವೆ. ಬಹುಪಾಲು ಮಕ್ಕಳಿಗೆ ಕೊನೆಯಲ್ಲಿ ಹಿಮ್ಮಡಿಯ ಸ್ನಾಯುರಜ್ಜುವನ್ನು ಒಂದು ಸಣ್ಣ ಕೊಯ್ತದಿಂದ ಸಡಿಲಿಸಿ, ಮೂರು ವಾರ ಕೊನೆಯ ಪ್ಲಾಸ್ಟರ್ ಇಡುತ್ತಾರೆ. ಮನೆಯಲ್ಲಿ ನೀವು ದಿನಕ್ಕೆ ನಾಲ್ಕಾರು ಸಲ ಬೆರಳುಗಳನ್ನು ನೋಡಬೇಕು. ಅವು ಬೆಚ್ಚಗೆ, ಗುಲಾಬಿ ಬಣ್ಣದಲ್ಲಿರಬೇಕು, ಒತ್ತಿ ಬಿಟ್ಟರೆ ಬಣ್ಣ ತಕ್ಷಣ ಮರಳಬೇಕು. ಬೆರಳು ನೀಲಿಯಾದರೆ, ಊದಿದರೆ, ಪ್ಲಾಸ್ಟರಿನೊಳಕ್ಕೆ ಜಾರಿಹೋದಂತೆ ಕಂಡರೆ ಮುಂದಿನ ವಾರದ ದಿನಕ್ಕೆ ಕಾಯದೆ ಹೊರಡಿ. ಆ ವಾರಗಳಲ್ಲಿ ನೀರೆರೆಯುವುದು ಬೇಡ, ಒದ್ದೆ ಬಟ್ಟೆಯಿಂದ ಮೈ ಒರೆಸಿದರೆ ಸಾಕು. ಪ್ಲಾಸ್ಟರನ್ನು ಹಿಂದಿನ ದಿನವೇ ಮನೆಯಲ್ಲಿ ನೆನೆಸಿ ಬಿಚ್ಚಿಕೊಂಡು ಹೋದರೆ ಒಂದು ವಾರದಲ್ಲಿ ಗಳಿಸಿದ್ದು ರಾತ್ರಿಯೊಳಗೆ ಸಡಿಲವಾಗುತ್ತದೆ. ಹಾಗಾಗಿ ಅದನ್ನು ಆಸ್ಪತ್ರೆಯಲ್ಲೇ ಬಿಚ್ಚಿಸಿ.

ಪಾದ ನೇರವಾದ ಮೇಲೆ ಕಷ್ಟದ ಭಾಗ ಶುರುವಾಗುತ್ತದೆ. ಎರಡು ಬೂಟುಗಳನ್ನು ಒಂದು ಕಂಬಿಗೆ ಜೋಡಿಸಿದ ಬ್ರೇಸನ್ನು ಮೂರು ತಿಂಗಳು ದಿನಕ್ಕೆ 23 ಗಂಟೆ, ಆಮೇಲೆ ನಾಲ್ಕೈದು ವರ್ಷ ತುಂಬುವವರೆಗೆ ಮಲಗುವಾಗ ಮಾತ್ರ ಹಾಕಬೇಕು. ಮೊದಲ ಎರಡು ಮೂರು ರಾತ್ರಿ ಮಗು ಅಳುತ್ತದೆ, ಮನೆಯಲ್ಲಿ ಯಾರಾದರೊಬ್ಬರು ಮರುಕದಿಂದ “ಇವತ್ತೊಂದು ದಿನ ಬಿಚ್ಚಿಬಿಡು” ಎನ್ನುತ್ತಾರೆ. ಸರಿಯಾದ ಪಾದ ಮತ್ತೆ ಸೊಟ್ಟಗಾಗುವುದಕ್ಕೆ ಮುಖ್ಯ ಕಾರಣ ಬ್ರೇಸನ್ನು ಬಿಡುವುದೇ ಎಂಬುದನ್ನು ಮನೆಮಂದಿಗೆಲ್ಲ ಮೊದಲೇ ತಿಳಿಸಿಡಿ. ಹತ್ತಿಯ ಕಾಲುಚೀಲ ಹಾಕಿ, ಹಿಮ್ಮಡಿ ಬೂಟಿನ ತಳಕ್ಕೆ ತಾಗಿದೆಯೇ ನೋಡಿ, ಮಧ್ಯದ ಪಟ್ಟಿಯನ್ನು ಮೊದಲು ಬಿಗಿಯಿರಿ. ಎರಡು ಕಾಲನ್ನೂ ಒಟ್ಟಿಗೆ ಮಡಿಸುತ್ತ ಚಾಚುತ್ತ ಆಟವಾಡಿಸಿದರೆ ಮಗು ಬೇಗ ಹೊಂದಿಕೊಳ್ಳುತ್ತದೆ.

ಸೀಳುತುಟಿ, ಸೀಳುಅಂಗುಳದ ಮಗುವಿಗೆ ಹಾಲು

ಸೀಳುತುಟಿಯ ಮಗುವಿಗೆ ಮೊದಲ ತಿಂಗಳಲ್ಲಿ ಎದುರಾಗುವ ದೊಡ್ಡ ಅಪಾಯ ಹಸಿವು, ಶಸ್ತ್ರಚಿಕಿತ್ಸೆ ಆಮೇಲಿನ ಮಾತು. ತುಟಿ ಮಾತ್ರ ಸೀಳಿದ್ದರೆ ಮೊಲೆಯನ್ನು ಸೀಳಿನೊಳಕ್ಕೆ ಒತ್ತಿ ಹಿಡಿದರೆ ಮಗು ಚೀಪಬಲ್ಲದು. ಅಂಗುಳ ಸೀಳಿದ್ದರೆ ಬಾಯಲ್ಲಿ ಎಳೆತ ಹುಟ್ಟುವುದಿಲ್ಲ. ಮಗು ಗಂಟೆಗಟ್ಟಲೆ ಮೊಲೆ ಕಚ್ಚಿಕೊಂಡಿದ್ದು, ದಣಿದು ನಿದ್ದೆ ಹೋಗುತ್ತದೆ, ಹೊಟ್ಟೆ ಮಾತ್ರ ತುಂಬಿರುವುದಿಲ್ಲ.

ಆಗ ನಮ್ಮ ಹಿರಿಯರ ಒಳಲೆಯೇ ನೆರವಿಗೆ ಬರುತ್ತದೆ. ಬೆಳ್ಳಿಯದೋ ಸ್ಟೀಲಿನದೋ ಆಗಲಿ, ಪ್ರತಿ ಸಲವೂ ತೊಳೆದು ಕುದಿಸಿ. ಕೈ ತೊಳೆದು ಎದೆಹಾಲನ್ನು ಕುದಿಸಿದ ಬಟ್ಟಲಿಗೆ ಹಿಂಡಿಕೊಳ್ಳಿ. ಮಗುವನ್ನು ಮಲಗಿಸದೆ, ತಲೆ ಕತ್ತಿಗೆ ನಿಮ್ಮ ಎಡಗೈಯ ಆಸರೆ ಕೊಟ್ಟು, ಹೆಚ್ಚುಕಡಿಮೆ ಕುಳಿತ ಭಂಗಿಯಲ್ಲಿ ತೊಡೆಯ ಮೇಲೆ ಹಿಡಿದುಕೊಳ್ಳಿ. ಒಳಲೆಯ ಮೂತಿಯನ್ನು ಸೀಳಿಲ್ಲದ ಕಡೆಯ ಕೆನ್ನೆಯೊಳಗೆ ಇಟ್ಟು ಸ್ವಲ್ಪವೇ ಬಾಗಿಸಿ. ಮಗು ಗುಟುಕು ನುಂಗಿದ ಸದ್ದು ಕೇಳಿದ ಮೇಲೆ ಮುಂದಿನದನ್ನು ಬಿಡಿ. ಮೂಗಿನಿಂದ ಹಾಲು ಬಂದರೆ ಗಾಬರಿಯಾಗದೆ ನಿಲ್ಲಿಸಿ, ಮಗು ಸೀನಿ ಸುಧಾರಿಸಿಕೊಳ್ಳಲಿ. ಇಂತಹ ಮಕ್ಕಳು ಗಾಳಿಯನ್ನು ಬಹಳ ನುಂಗುವುದರಿಂದ ನಡುನಡುವೆ ಭುಜಕ್ಕೆ ಹಾಕಿ ತೇಗಿಸಬೇಕು. ಒಂದು ಸಲದ ಹಾಲು ಅರ್ಧ ಗಂಟೆಯೊಳಗೆ ಮುಗಿಯಲಿ, ಅದಕ್ಕಿಂತ ಎಳೆದರೆ ಕುಡಿದ ಶಕ್ತಿ ಕುಡಿಯುವುದಕ್ಕೇ ಖರ್ಚಾಗುತ್ತದೆ. ದಿನಕ್ಕೆ ಎಂಟು ಸಲಕ್ಕಿಂತ ಕಡಿಮೆಯಾಗಬಾರದು. ವಾರಕ್ಕೊಮ್ಮೆ ಆಶಾ ಕಾರ್ಯಕರ್ತೆಯ ತಕ್ಕಡಿಯಲ್ಲಿ ತೂಗಿಸಿ. ಎರಡು ವಾರದೊಳಗೆ ಹುಟ್ಟುತೂಕಕ್ಕೆ ಮರಳಿ, ಆಮೇಲೆ ವಾರಕ್ಕೆ 150ರಿಂದ 200 ಗ್ರಾಂ ಏರುತ್ತಿದ್ದರೆ ಹಾಲು ಸಾಲುತ್ತಿದೆ ಎಂದು ತಿಳಿಯಿರಿ.

ತುಟಿಯ ಶಸ್ತ್ರಚಿಕಿತ್ಸೆಯನ್ನು ಮೂರರಿಂದ ಆರು ತಿಂಗಳಲ್ಲಿ, ಅಂಗುಳದ್ದನ್ನು ಮಾತು ಕಲಿಯುವ ಮೊದಲೇ, ಅಂದರೆ ಒಂಬತ್ತರಿಂದ ಹದಿನೆಂಟು ತಿಂಗಳೊಳಗೆ ಮಾಡುತ್ತಾರೆ. ಸ್ಮೈಲ್ ಟ್ರೇನ್ ಸಂಸ್ಥೆಯ ನೆರವಿರುವ ಆಸ್ಪತ್ರೆಗಳಲ್ಲಿ ಇದು ಉಚಿತ.

ಗ್ರಹಣದ ಹೊತ್ತಿನಲ್ಲಿ ಬಸುರಿ ಈಳಿಗೆ ಮುಟ್ಟಿದ್ದರಿಂದ ತುಟಿ ಸೀಳಿತು ಎಂಬ ಮಾತನ್ನು ನಾನು ಇಂದಿಗೂ ಕೇಳುತ್ತೇನೆ. ಮಗುವಿನ ತುಟಿ ಕೂಡಿಕೊಳ್ಳುವುದು ಗರ್ಭ ನಿಂತ ಮೊದಲ ಎರಡು ತಿಂಗಳೊಳಗೆ, ಅಂಗುಳ ಮೂರನೇ ತಿಂಗಳಲ್ಲಿ. ಏಳನೇ ತಿಂಗಳಲ್ಲಿ ಹಿಡಿದ ಗ್ರಹಣ ಕೂಡಿಕೊಂಡ ತುಟಿಯನ್ನು ಬಿಡಿಸಲಾರದು. ಆ ತಾಯಿ ಯಾವ ತಪ್ಪನ್ನೂ ಮಾಡಿಲ್ಲ. ಇದನ್ನು ಅತ್ತೆ, ಗಂಡ, ನಾದಿನಿ ಎಲ್ಲರ ಎದುರಿಗೆ ಸ್ಪಷ್ಟವಾಗಿ ಹೇಳುವುದನ್ನೂ ನಾನು ಚಿಕಿತ್ಸೆಯ ಭಾಗವೆಂದೇ ತಿಳಿದಿದ್ದೇನೆ. ನೊಂದು ಕುಗ್ಗಿದ ತಾಯಿ ಹೊತ್ತುಹೊತ್ತಿಗೆ ಹಾಲು ಹಿಂಡಿ ಒಳಲೆಯಲ್ಲಿ ಕುಡಿಸುವುದು ಹೇಗೆ?

ಮೇಲ್ನೋಟಕ್ಕೆ ಕಾಣದವು

ಹೃದಯದ ದೋಷ ಸಾವಿರಕ್ಕೆ ಎಂಟೊಂಬತ್ತು ಮಕ್ಕಳಲ್ಲಿರುತ್ತದೆ. ಹುಟ್ಟಿ 24 ಗಂಟೆಯಾದ ಮೇಲೆ, ಮನೆಗೆ ಹೊರಡುವ ಮೊದಲು, ಬಲಗೈ ಮತ್ತು ಒಂದು ಪಾದಕ್ಕೆ ಪಲ್ಸ್ ಆಕ್ಸಿಮೀಟರ್ ಹಾಕಿ ನೋಡುವಂತೆ ಕೇಳಿ. ಆಮ್ಲಜನಕದ ಪ್ರಮಾಣ 95ಕ್ಕಿಂತ ಕಡಿಮೆಯಿದ್ದರೆ ಅಥವಾ ಕೈಗೂ ಕಾಲಿಗೂ ಮೂರಕ್ಕಿಂತ ಹೆಚ್ಚು ಅಂತರವಿದ್ದರೆ ಮತ್ತೊಮ್ಮೆ ನೋಡಿ ಎಕೋ, ಅಂದರೆ ಹೃದಯದ ಸ್ಕ್ಯಾನ್, ಮಾಡಿಸಬೇಕಾಗುತ್ತದೆ. ಮನೆಯಲ್ಲಿ ಹಾಲು ಕುಡಿಯುವಾಗ ಹಣೆ ಬೆವರುವುದು, ನಾಲ್ಕು ಗುಟುಕಿಗೆ ದಣಿದು ಬಿಡುವುದು, ತೂಕ ಏರದಿರುವುದು ಹೃದಯದ ಕಡೆಗೆ ಬೆರಳು ತೋರುವ ಲಕ್ಷಣಗಳು.

ಕಿವಿ ಕೇಳುತ್ತದೆಯೇ ಎಂದು ತಟ್ಟೆ ಬಡಿದು ನೋಡುವುದು ಮನೆಮನೆಯ ಪದ್ಧತಿ. ಇದನ್ನು ನಂಬಬೇಡಿ. ಮಗು ಗಾಳಿಯ ಅಲುಗಾಟಕ್ಕೋ ನಿಮ್ಮ ಕೈಯ ನೆರಳಿಗೋ ಬೆಚ್ಚಿರಬಹುದು. ಒಂದು ತಿಂಗಳೊಳಗೆ ಯಂತ್ರದಲ್ಲಿ ಪರೀಕ್ಷೆ, ಮೂರು ತಿಂಗಳೊಳಗೆ ಖಚಿತ ನಿರ್ಣಯ, ಆರು ತಿಂಗಳೊಳಗೆ ಶ್ರವಣ ಸಾಧನ, ಇದು ಪಾಲಿಸಬೇಕಾದ ಗಡುವು. 1965ರಲ್ಲಿ ಆರಂಭವಾದ ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ ಈ ಕೆಲಸಕ್ಕೆ ನಮ್ಮಲ್ಲಿರುವ ದೊಡ್ಡ ಆಸರೆ.

ಪಾಪೆ ಬೆಳ್ಳಗಿದ್ದರೆ, ಅಥವಾ ಫ್ಲ್ಯಾಶ್ ಹಾಕಿ ತೆಗೆದ ಫೋಟೋದಲ್ಲಿ ಒಂದು ಕಣ್ಣು ಬೆಳ್ಳಗೆ ಹೊಳೆದರೆ, ಅದು ಹುಟ್ಟುಪೊರೆಯಾಗಿರಬಹುದು, ಕಣ್ಣಿನ ಗಡ್ಡೆಯೂ ಆಗಿರಬಹುದು. ಪೊರೆಯನ್ನು ಮೊದಲ ಎರಡು ತಿಂಗಳೊಳಗೆ ತೆಗೆಯದಿದ್ದರೆ ಮಿದುಳು ಆ ಕಣ್ಣಿನಿಂದ ನೋಡುವುದನ್ನು ಕಲಿಯುವುದೇ ಇಲ್ಲ. ಥೈರಾಯ್ಡ್ ಕೊರತೆಯೂ ಹಾಗೆಯೇ: ಹಿಮ್ಮಡಿಯ ಒಂದು ಹನಿ ರಕ್ತದಿಂದ ಹುಟ್ಟಿದ ಮೂರನೇ ದಿನದ ಹೊತ್ತಿಗೆ ಪತ್ತೆಮಾಡಿ, ಎರಡು ವಾರದೊಳಗೆ ಮಾತ್ರೆ ಆರಂಭಿಸಿದರೆ ಬುದ್ಧಿಮಾಂದ್ಯವನ್ನು ತಪ್ಪಿಸಬಹುದು. ಸೊಂಟದ ಕೀಲು ಜಾರಿದ್ದರೆ ಆರು ತಿಂಗಳೊಳಗೆ ಪಟ್ಟಿ ಕಟ್ಟಿ ಸರಿಪಡಿಸಬಹುದು. ಕಾಲುಗಳನ್ನು ನೇರವಾಗಿ ಚಾಚಿ ಬಿಗಿಯಾಗಿ ಸುತ್ತುವುದು ಈ ಕೀಲಿಗೆ ಒಳ್ಳೆಯದಲ್ಲ, ಸೊಂಟದ ಕೆಳಗೆ ಬಟ್ಟೆ ಸಡಿಲವಾಗಿರಲಿ.

ಎಲ್ಲಿಗೆ ಹೋಗುವುದು, ಯಾವ ಕಾಗದ ಒಯ್ಯುವುದು

ಆಶಾ ಕಾರ್ಯಕರ್ತೆ ಮಗುವಿನ 3, 7, 14, 21, 28 ಮತ್ತು 42ನೇ ದಿನಗಳಂದು ಮನೆಗೆ ಬರಬೇಕು. ಬಾಣಂತಿ ತವರಿನಲ್ಲಿದ್ದರೆ ಅಲ್ಲಿನ ಆಶಾಗೆ ತಿಳಿಸಿರಬೇಕು, ಇಲ್ಲವಾದರೆ ಎರಡೂ ಊರುಗಳ ಲೆಕ್ಕದಿಂದ ಮಗು ತಪ್ಪಿಹೋಗುತ್ತದೆ. 2013ರಲ್ಲಿ ಆರಂಭವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದಡಿ ಹುಟ್ಟಿದಂದಿನಿಂದ 18 ವರ್ಷದವರೆಗಿನ ಮಕ್ಕಳಿಗೆ ಈ ನ್ಯೂನತೆಗಳ ತಪಾಸಣೆ, ಚಿಕಿತ್ಸೆ ಉಚಿತ. ಪ್ರಾಥಮಿಕ ಆರೋಗ್ಯ ಕೇಂದ್ರದಿಂದ ಚೀಟಿ ಬರೆಸಿಕೊಂಡು ಮಕ್ಕಳ ನ್ಯೂನತೆಗಳನ್ನು ಬೇಗ ಪತ್ತೆಹಚ್ಚಿ ಚಿಕಿತ್ಸೆ ಕೊಡಿಸುವ ಜಿಲ್ಲಾ ಮಟ್ಟದ ಡಿಇಐಸಿ ಕೇಂದ್ರಕ್ಕೆ ಹೋದರೆ ಅಲ್ಲಿಂದ ಮುಂದಿನ ಆಸ್ಪತ್ರೆಗೆ ಕಳಿಸುತ್ತಾರೆ. ದೊಡ್ಡ ಶಸ್ತ್ರಚಿಕಿತ್ಸೆಗೆ ಆಯುಷ್ಮಾನ್ ಭಾರತ್ – ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ನೆರವಿದೆ. ತಾಯಿ ಕಾರ್ಡ್, ಬಿಡುಗಡೆ ಚೀಟಿ, ರೇಷನ್ ಕಾರ್ಡ್, ತಾಯಿಯ ಆಧಾರ್ ಮತ್ತು ಅವುಗಳ ಎರಡೆರಡು ನಕಲುಗಳನ್ನು ಒಂದೇ ಚೀಲದಲ್ಲಿಟ್ಟುಕೊಳ್ಳಿ. ಜನನ ನೋಂದಣಿಯನ್ನು 21 ದಿನದೊಳಗೆ ಮಾಡಿಸಿ, ಅದಕ್ಕಾಗಿ ನಾಮಕರಣದವರೆಗೆ ಕಾಯಬೇಕಿಲ್ಲ, ಹೆಸರನ್ನು ಆಮೇಲೆ ಸೇರಿಸಬಹುದು.

ಮುಂದಿನ ಬಸಿರಿಗೆ ಮೊದಲು

ಮಗುವಿನ ಮಿದುಳು ಮತ್ತು ಬೆನ್ನುಹುರಿಯಾಗುವ ನಾಳ ಗರ್ಭಧಾರಣೆಯಾದ 28 ದಿನಗಳೊಳಗೆ ಮುಚ್ಚಿಕೊಳ್ಳುತ್ತದೆ. ಮುಟ್ಟು ನಿಂತು, ಪರೀಕ್ಷೆ ಮಾಡಿಸಿ, ತಾಯಿ ಕಾರ್ಡ್ ಪಡೆದು ಮಾತ್ರೆ ಶುರುಮಾಡುವ ಹೊತ್ತಿಗೆ ಆ ದಿನಗಳು ಕಳೆದಿರುತ್ತವೆ. ಆದ್ದರಿಂದ ಫೋಲಿಕ್ ಆಮ್ಲದ ಮಾತ್ರೆಯನ್ನು, ದಿನಕ್ಕೆ 400 ಮೈಕ್ರೋಗ್ರಾಂನಂತೆ, ಬಸಿರಾಗುವುದಕ್ಕೆ ಕನಿಷ್ಠ ಒಂದು ತಿಂಗಳ ಮೊದಲಿನಿಂದ ಮೂರು ತಿಂಗಳು ತುಂಬುವವರೆಗೆ ನುಂಗಬೇಕು. ಹಿಂದಿನ ಮಗುವಿಗೆ ಬೆನ್ನುಹುರಿಯ ದೋಷವಿದ್ದರೆ ಇದರ ಹತ್ತು ಪಟ್ಟು, ಅಂದರೆ 4 ಮಿಲಿಗ್ರಾಂ ಬೇಕು. ಅಷ್ಟು ಪ್ರಮಾಣದಿಂದ ದೋಷ ಮರುಕಳಿಸುವುದು ನೂರಕ್ಕೆ 72ರಷ್ಟು ತಗ್ಗಿತೆಂದು ಬ್ರಿಟನ್ನಿನ ವೈದ್ಯಕೀಯ ಸಂಶೋಧನಾ ಮಂಡಳಿಯ ಅಧ್ಯಯನ 1991ರಲ್ಲೇ ತೋರಿಸಿದೆ. ಈ ಮಾತ್ರೆಯನ್ನು ವೈದ್ಯರೇ ಬರೆದುಕೊಡಬೇಕು.

ಮೂರ್ಛೆರೋಗಕ್ಕೆ ವಾಲ್‌ಪ್ರೊಯೇಟ್ ತೆಗೆದುಕೊಳ್ಳುತ್ತಿರುವವರು ಬಸಿರಾಗುವ ಮೊದಲೇ ವೈದ್ಯರನ್ನು ಕಂಡು ಔಷಧಿ ಬದಲಿಸಿಕೊಳ್ಳಬೇಕು, ತಾವಾಗಿ ನಿಲ್ಲಿಸಬಾರದು. ಸಕ್ಕರೆ ಕಾಯಿಲೆಯಿದ್ದರೆ ಅದು ಹತೋಟಿಗೆ ಬಂದ ಮೇಲೆ ಬಸಿರಾಗುವುದು ಕ್ಷೇಮ. ರುಬೆಲ್ಲಾ ಲಸಿಕೆ ಆಗಿಲ್ಲದಿದ್ದರೆ ಬಸಿರಿಗೆ ಒಂದು ತಿಂಗಳ ಮೊದಲೇ ಹಾಕಿಸಿಕೊಳ್ಳಿ, ಬಸಿರಿನಲ್ಲಿ ಹಾಕುವಂತಿಲ್ಲ. ಸೋದರಮಾವನನ್ನೋ ಅತ್ತೆಯ ಮಗನನ್ನೋ ಮದುವೆಯಾದವರಲ್ಲಿ ಹೆಚ್ಚಿನವರಿಗೆ ಆರೋಗ್ಯವಂತ ಮಕ್ಕಳೇ ಹುಟ್ಟುತ್ತಾರೆ. ಆದರೂ ಮನೆತನದಲ್ಲಿ ಕಿವುಡೋ ಬುದ್ಧಿಮಾಂದ್ಯವೋ ಹಸುಗೂಸುಗಳ ಸಾವೋ ಇದ್ದರೆ ಅದನ್ನು ಮುಚ್ಚಿಡದೆ ವೈದ್ಯರಿಗೆ ಹೇಳಿ. ಐದನೇ ತಿಂಗಳಲ್ಲಿ, 18ರಿಂದ 20 ವಾರಗಳ ನಡುವೆ, ಮಗುವಿನ ಅಂಗಾಂಗಗಳನ್ನು ನೋಡುವ ಸ್ಕ್ಯಾನನ್ನು ತಪ್ಪದೆ ಮಾಡಿಸಿ. ಅದರಲ್ಲಿ ದೊಡ್ಡ ದೋಷವೇನಾದರೂ ಕಂಡರೆ, ನವಜಾತ ಶಿಶುಗಳ ಶಸ್ತ್ರಚಿಕಿತ್ಸೆ ಇರುವ ಆಸ್ಪತ್ರೆಯ ಹತ್ತಿರ ಹೆರಿಗೆಗೆ ವ್ಯವಸ್ಥೆ ಮಾಡಿಕೊಳ್ಳಲು ಆಗ ನಿಮ್ಮ ಕೈಯಲ್ಲಿ ಇನ್ನೂ ನಾಲ್ಕು ತಿಂಗಳಿರುತ್ತವೆ.